ಹತ್ತು ಪರ್ವಕ್ಕೆ ನಿಂತ ಕವಿ

ಕನ್ನಡ ಸಾಹಿತ್ಯಚರಿತ್ರೆಯ ಯಾವ ಪುಸ್ತಕವನ್ನು ತೆರೆದರೂ ಕುಮಾರವ್ಯಾಸನ ವಿಷಯದಲ್ಲಿ ಒಂದು ಸಣ್ಣ ಮಾತು ತಪ್ಪದೆ ಕಣ್ಣಿಗೆ ಬೀಳುತ್ತದೆ. ಆತನು ಮಹಾಭಾರತದ ಹತ್ತು ಪರ್ವಗಳನ್ನು ಮಾತ್ರ ಕನ್ನಡಿಸಿದನು ಎಂಬುದೇ ಆ ಮಾತು. ಈ 'ಮಾತ್ರ' ಎಂಬ ಶಬ್ದ ಬಹುಕಾಲದಿಂದ ನನ್ನನ್ನು ಕಾಡುತ್ತ ಬಂದಿದೆ. ಎಂಟು ಸಾವಿರಕ್ಕೂ ಮೇಲ್ಪಟ್ಟು ಭಾಮಿನೀ ಷಟ್ಪದಿಗಳನ್ನು ಬರೆದಿಟ್ಟುಹೋದವನ ಮುಂದೆ 'ಮಾತ್ರ' ಎನ್ನಲು ನಮ್ಮ ಪಂಡಿತರಿಗೆ ನಾಲಗೆ ಹೇಗೆ ತಿರುಗಿತೋ! ಅದು ಹಾಗಿರಲಿ. ಆತನು ಹತ್ತಕ್ಕೆ ನಿಲ್ಲಿಸಿದ್ದು ಏಕೆ, ನಿಂತುಹೋಯಿತೇ ಅಥವಾ ತಾನಾಗಿ ನಿಲ್ಲಿಸಿದನೇ ಎಂಬುದು ನಿಜವಾಗಿ ವಿಚಾರಮಾಡತಕ್ಕ ಪ್ರಶ್ನೆ. ಒಂದು ಕಥೆಯನ್ನು ಎಲ್ಲಿ ಮುಗಿಸಬೇಕು, ಮುಗಿಸಿದ ಮೇಲೆ ಎಲ್ಲ ಗಂಟುಗಳನ್ನೂ ಬಿಚ್ಚಿ ತೋರಿಸಬೇಕೇ, ಕೆಲವನ್ನು ಹಾಗೆಯೇ ಓದುಗನ ಕೈಗೆ ಕೊಟ್ಟು ಎದ್ದುಹೋಗಬಹುದೇ ಎಂದು ಇಂದಿನ ಕಾದಂಬರಿಕಾರರು ತಲೆ ಕೆಡಿಸಿಕೊಳ್ಳುತ್ತಾರೆ. ಈ ತೊಡಕು ಇಂದಿನದಲ್ಲ. ಸುಮಾರು ಐದುನೂರೈವತ್ತು ವರ್ಷಗಳಿಗೂ ಹಿಂದೆ ನಮ್ಮ ಸೀಮೆಯ ಒಬ್ಬ ಮನುಷ್ಯನು ಇದನ್ನು ಎದುರಿಸಿದನು.

ನಮ್ಮ ಸೀಮೆ ಎಂದೆನಷ್ಟೆ. ನಾನು ಪಾಠ ಹೇಳುವ ನರೇಗಲ್ಲಿನಿಂದ ಗದಗು ಬಸ್ಸಿನಲ್ಲಿ ಗಂಟೆಯ ಹಾದಿ. ಎರಡೂ ಬದಿಗೆ ಎರೆಭೂಮಿ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ. ಈ ಕರಿಮಣ್ಣಿನಲ್ಲಿ ಜೋಳದಷ್ಟೇ ಹುಲುಸಾಗಿ ಕಾವ್ಯವೂ ಬೆಳೆದಿದೆಯೆಂದರೆ ಅದು ಊರಿನ ಅಭಿಮಾನದ ಮಾತಲ್ಲ. ಪಂಪನ ತಾಯಿಯ ತವರು ಅಣ್ಣಿಗೇರಿ. ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯ ಬಸದಿ ಲಕ್ಕುಂಡಿಯಲ್ಲಿದೆ. ನಯಸೇನನು ಮುಳುಗುಂದದವನು, ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ರೋಣದ ಹತ್ತಿರದ ಸವಡಿಯವನು. ನರೇಗಲ್ಲಿನಲ್ಲಿಯೇ ರಾಷ್ಟ್ರಕೂಟರ ಕಾಲದ ದೊಡ್ಡ ಬಸದಿಯೊಂದು ನಿಂತಿದೆ. ಅದರ ಇಂದಿನ ಹೆಸರು ನಾರಾಯಣ ದೇವಸ್ಥಾನ. ಇಂತಹ ಸೀಮೆಯ ನಡುವೆ, ಅಣ್ಣಿಗೇರಿಗೆ ಸಮೀಪವಾಗಿ, ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದಲ್ಲಿ ನಾರಣಪ್ಪನು ಹುಟ್ಟಿದನು. ಕುಮಾರವ್ಯಾಸನೆಂಬುದು ಆತನು ತಾನೇ ಇಟ್ಟುಕೊಂಡ ಹೆಸರು. ವ್ಯಾಸಮಹರ್ಷಿಗೆ ತಾನು ಮಗನೆಂಬ ವಿನಯವೂ, ಮಗನಾದ ಮೇಲೆ ಆಸ್ತಿಯಲ್ಲಿ ಹಕ್ಕುಂಟೆಂಬ ಗತ್ತೂ ಆ ಒಂದೇ ಹೆಸರಿನಲ್ಲಿ ಕೂಡಿಕೊಂಡಿವೆ.

ಆತನ ಬಾಳಿನ ವಿಷಯದಲ್ಲಿ ನಮಗೆ ತಿಳಿದುಬಂದಿರುವುದು ಬಹಳ ಕಡಿಮೆ. ಮನೆತನ ಶಾನುಭೋಗರದೆಂದು ಪ್ರತೀತಿ. ಕೋಳಿವಾಡದಲ್ಲಿ ಆತನ ವಂಶದವರೆಂದು ಹೇಳಿಕೊಳ್ಳುವ ಮನೆಯುಂಟು. ಭಾರತದ ಓಲೆಗರಿಯ ಕಟ್ಟನ್ನು ಪೂಜೆಯಲ್ಲಿಟ್ಟುಕೊಂಡು ಬಂದಿದ್ದಾರೆ. ಕಾಲದ ವಿಷಯದಲ್ಲಿ ವಿದ್ವಾಂಸರು ಬಹಳ ಜಗಳಾಡಿದ್ದಾರೆ. ಹದಿಮೂರನೆಯ ಶತಮಾನಕ್ಕೆ ಎಳೆದವರುಂಟು. ಹದಿನೈದನೆಯ ಶತಮಾನದ ಮೊದಲರ್ಧ, ಎಂದರೆ ವಿಜಯನಗರದ ಪ್ರೌಢದೇವರಾಯನ ಆಳಿಕೆಯ ಆಸುಪಾಸು ಎಂಬುದೇ ಈಗ ಹೆಚ್ಚು ಜನ ಒಪ್ಪಿದ ಮತ. ಶಾನುಭೋಗಿಕೆಯ ಮನೆಯ ಮಗನೆಂಬುದನ್ನು ಮಾತ್ರ ಆತನ ಕಾವ್ಯ ಓದಿದ ಯಾರೂ ಅನುಮಾನಿಸಲಾರರು. ದಾಯಾದಿಗಳ ಹಂಚಿಕೆ, ಸೀಮೆಯ ತಂಟೆ, ಸಂಧಾನಕ್ಕೆ ಬಂದವರ ನಾಜೂಕು, ಸಭೆಯಲ್ಲಿ ಹಿರಿಯರು ನುಂಗಿಕೊಳ್ಳುವ ಮಾತು ಇವೆಲ್ಲ ಉದ್ಯೋಗಪರ್ವದಲ್ಲಿ ಎಷ್ಟು ಕಣ್ಣಿಗೆ ಕಟ್ಟುವಂತಿವೆಯೆಂದರೆ, ಇವನು ಹೊಲಮನೆಗಳ ಕಾಗದಪತ್ರಗಳ ನಡುವೆ ಬೆಳೆದವನೇ ಸರಿ ಎನಿಸುತ್ತದೆ.

ಆದರೆ ಆತನ ಮನಸ್ಸು ಕೋಳಿವಾಡದ ದಫ್ತರಿನಲ್ಲಿ ನಿಲ್ಲಲಿಲ್ಲ. ಗದುಗಿನ ವೀರನಾರಾಯಣನ ಗುಡಿಗೆ ಹೋಯಿತು. ಆ ಗುಡಿ ಹೊಯ್ಸಳ ವಿಷ್ಣುವರ್ಧನನ ಕಾಲದ್ದೆಂದು ಹೇಳುತ್ತಾರೆ. ಒಳಗಿನ ಮಂಟಪದ ಒಂದು ಕಂಬವನ್ನು ಕುಮಾರವ್ಯಾಸನ ಕಂಬವೆಂದು ಇಂದಿಗೂ ತೋರಿಸುತ್ತಾರೆ. ಕವಿಯು ಕೋನೇರಿಯಲ್ಲಿ ಮುಳುಗಿ, ಒದ್ದೆಯ ಬಟ್ಟೆಯಲ್ಲಿಯೇ ಬಂದು ಈ ಕಂಬಕ್ಕೆ ಒರಗಿ ಕುಳಿತರೆ ಪದ್ಯಗಳು ತಾವಾಗಿ ಹೊರಡುತ್ತಿದ್ದುವಂತೆ. ಬಟ್ಟೆ ಒಣಗಿದೊಡನೆ ಕಾವ್ಯವೂ ನಿಲ್ಲುತ್ತಿತ್ತಂತೆ. ಈ ಕಥೆಯನ್ನು ನಗುತ್ತ ತಳ್ಳಿಹಾಕುವವರುಂಟು. ನನಗೆ ಹಾಗೆ ತಳ್ಳಲು ಮನಸ್ಸಿಲ್ಲ. ನಮ್ಮ ಕಡೆಯ ಬಿಸಿಲಿಗೆ ಒದ್ದೆ ಪಂಚೆ ಒಣಗಲು ಎಷ್ಟು ಹೊತ್ತು ಬೇಕು? ದಿನಕ್ಕೆ ಅಷ್ಟು ಹೊತ್ತು ಬಿಟ್ಟೂಬಿಡದೆ ಬರೆದರೆ ಸಾಕು, ಹತ್ತು ಪರ್ವವಾಗುತ್ತದೆ. ಎಂದಿಗೆ ನಿಲ್ಲಿಸಬೇಕೆಂಬುದನ್ನು ತನ್ನ ಹೊರಗಿನ ಒಂದು ಕಟ್ಟಳೆಗೆ ಒಪ್ಪಿಸಿದ ಕವಿಯೆಂದು ಜನ ಆತನನ್ನು ಅರ್ಥಮಾಡಿಕೊಂಡಿದ್ದಾರೆ, ಅಷ್ಟೆ.

ಎರಡನೆಯ ಐತಿಹ್ಯ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು. ಇದನ್ನು ಹಲವು ಬಗೆಯಾಗಿ ಹೇಳುತ್ತಾರೆ. ನಾನು ಕೇಳಿದ ಬಗೆ ಹೀಗಿದೆ. ಭಾರತವನ್ನು ಬರೆಯುವ ಹಂಬಲದಿಂದ ನಾರಣಪ್ಪನು ವೀರನಾರಾಯಣನನ್ನು ಸೇವಿಸಿದಾಗ, ದ್ವಾದಶಿಯ ಊಟದ ಪಂಕ್ತಿಗೆ ಒಬ್ಬ ಅಪರಿಚಿತ ಬ್ರಾಹ್ಮಣನು ಬರುತ್ತಾನೆ, ಅವನೇ ಚಿರಂಜೀವಿಯಾದ ಅಶ್ವತ್ಥಾಮನು, ಅವನ ಕಾಲು ಹಿಡಿ ಎಂದು ಕನಸಾಯಿತು. ಕವಿ ಹಾಗೆಯೇ ಮಾಡಿದನು. ಯುದ್ಧವನ್ನು ಕಣ್ಣಾರೆ ಕಂಡ ಆ ಮುದುಕನು ಕಥೆ ಹೇಳಲೊಪ್ಪಿದನು. ಆದರೆ ಈ ಗುಟ್ಟನ್ನು ಯಾರಲ್ಲಿಯೂ ಆಡಕೂಡದೆಂದು ಕರಾರು ಮಾಡಿಸಿದನು. ಕಥೆ ಗದಾಯುದ್ಧದವರೆಗೆ ಬಂದಿತು. ಆಗ ನಾರಣಪ್ಪನು ತಡೆಯಲಾರದೆ ಹೆಂಡತಿಯ ಮುಂದೆ ಬಾಯಿಬಿಟ್ಟನು. ಅಂದಿಗೆ ಅಶ್ವತ್ಥಾಮನು ಕಾಣದಾದನು. ಕಾವ್ಯ ಅಲ್ಲಿಗೇ ನಿಂತಿತು.

ಜನಪದರು ಕಟ್ಟಿದ ಈ ಕಥೆಯಲ್ಲಿ ದೊಡ್ಡದೊಂದು ವಿಮರ್ಶೆ ಅಡಗಿದೆ. ಅಶ್ವತ್ಥಾಮನ ಪಾತ್ರವು ಗದಾಪರ್ವದೊಡನೆ ಮುಗಿಯುತ್ತದೆ. ತೊಡೆಮುರಿದು ಬಿದ್ದ ಕೌರವನಿಗಾಗಿ ಅವನು ರಾತ್ರಿಯಲ್ಲಿ ಪಾಳೆಯವನ್ನು ಹೊಕ್ಕು, ದ್ರೌಪದಿಯ ಐವರು ಮಕ್ಕಳನ್ನು ನಿದ್ದೆಯಲ್ಲಿ ಕೊಂದು, ಅಸ್ತ್ರ ಬಿಟ್ಟು, ಶಿರೋರತ್ನವನ್ನು ಕಳೆದುಕೊಂಡು, ಸಾವಿಲ್ಲದ ಅಲೆದಾಟಕ್ಕೆ ಹೊರಟವನು. ಅಲ್ಲಿಂದ ಮುಂದಿನದಕ್ಕೆ ಅವನು ಸಾಕ್ಷಿಯಲ್ಲ. ಸಾಕ್ಷಿ ಎದ್ದುಹೋದ ಮೇಲೆ ಶಾನುಭೋಗನಾದವನು ಏನು ಬರೆಯಬೇಕು? ಕಂಡವನು ಹೇಳಿದ್ದನ್ನು ಬರೆದು ಕೆಳಗೆ ರುಜು ಹಾಕುವವನೇ ಶಾನುಭೋಗ. ಕಾವ್ಯವು ಏಕೆ ಅಲ್ಲಿ ನಿಂತಿತೆಂಬುದಕ್ಕೆ ಇದಕ್ಕಿಂತ ಚೆಲುವಾದ ಕಾರಣವನ್ನು ಯಾವ ಸಂಶೋಧಕನೂ ಕೊಟ್ಟಿಲ್ಲ. ಆದರೆ ಚೆಲುವಾದದ್ದೆಲ್ಲ ನಿಜವೆಂದು ಒಪ್ಪುವಂತಿಲ್ಲವಲ್ಲ.

ಕಾವ್ಯವನ್ನೇ ಕೇಳೋಣ. ಪೀಠಿಕೆಯಲ್ಲಿ ಕವಿಯು ತನ್ನ ವಿಷಯವಾಗಿ ಕೆಲವು ಹಿರಿಮೆಗಳನ್ನು ಹೇಳಿಕೊಂಡಿದ್ದಾನೆ. ಹಲಗೆ ಬಳಪ ಹಿಡಿದು ಮೊದಲು ಗೀಚಿ ಆಮೇಲೆ ತಿದ್ದಿ ಬರೆದವನಲ್ಲ ತಾನು. ಒಮ್ಮೆ ಇಟ್ಟ ಪದವನ್ನು ಹಿಂದಕ್ಕೆ ತೆಗೆದುಕೊಂಡವನಲ್ಲ. ಬೇರೆಯವರ ದಾರಿ ಹಿಡಿದವನಲ್ಲ. ಕಂಠಪತ್ರದ ಸದ್ದು ನಡುವೆ ನಿಂತದ್ದಿಲ್ಲ. ಇದನ್ನು ಬರಿಯ ಜಂಬವೆಂದು ತಿಳಿಯಬಾರದು. ಏಕೆಂದರೆ ಅಲ್ಲಿಯೇ ಇನ್ನೊಂದು ಕಡೆ ವೀರನಾರಾಯಣನೇ ನಿಜವಾದ ಕವಿ, ತಾನು ಬರಿಯ ಲಿಪಿಕಾರನೆಂದೂ ಹೇಳಿದ್ದಾನೆ. ರಾಮಾಯಣ ಬರೆದವರ ಭಾರಕ್ಕೆ ಆದಿಶೇಷನೇ ಬಳಲುತ್ತಿದ್ದಾನೆಂದು ಚೇಷ್ಟೆಮಾಡಿ ತಾನು ಭಾರತಕ್ಕೆ ಬಂದ ಕಾರಣ ಕೊಟ್ಟಿದ್ದಾನೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ತಾನು ಹೇಳಹೊರಟಿರುವುದು ಕೃಷ್ಣನ ಕಥೆ ಎಂದು ಆತನು ಮೊದಲಿಗೇ ಸ್ಪಷ್ಟಪಡಿಸಿರುವುದು. ಭಾರತದ ನೆಪದಲ್ಲಿ ಕೃಷ್ಣಕಥೆ. ಈ ಒಂದು ಮಾತನ್ನು ಹಿಡಿದುಕೊಂಡು ಕಾವ್ಯದ ಕೊನೆಯನ್ನು ನೋಡಿದರೆ ನಮ್ಮ ಪ್ರಶ್ನೆಯ ಮೇಲೆ ಬೇರೆಯೇ ಬೆಳಕು ಬೀಳುತ್ತದೆ.

ಮೊದಲು ಲೆಕ್ಕವನ್ನು ಸರಿಪಡಿಸಬೇಕು. ಹದಿನೆಂಟರಲ್ಲಿ ಹತ್ತು ಎಂದರೆ ಅರ್ಧಕ್ಕಿಂತ ಸ್ವಲ್ಪ ಮುಂದೆ ಬಂದು ಕೈಬಿಟ್ಟನೆಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ಅದು ಹಾಗಲ್ಲ. ವ್ಯಾಸಭಾರತದಲ್ಲಿ ಗದಾಯುದ್ಧವು ಒಂಬತ್ತನೆಯದಾದ ಶಲ್ಯಪರ್ವದ ಒಳಗೇ ಸೇರಿದೆ. ಕುಮಾರವ್ಯಾಸನು ಅದನ್ನು ಬೇರ್ಪಡಿಸಿ ಹತ್ತನೆಯ ಪರ್ವವಾಗಿ ಮಾಡಿ, ಸೌಪ್ತಿಕಪರ್ವದ ರಾತ್ರಿಯ ಕೊಲೆಯನ್ನೂ ಸ್ತ್ರೀಪರ್ವದ ಗೋಳನ್ನೂ ಅದರೊಳಕ್ಕೆ ತಂದನು. ಮೂಲದಲ್ಲಿ ಶಾಂತಿಪರ್ವದ ಆರಂಭದಲ್ಲಿ ಬರುವ ಧರ್ಮರಾಯನ ಪಟ್ಟಾಭಿಷೇಕವನ್ನು ಎಳೆದುತಂದು ತನ್ನ ಕಾವ್ಯದ ಕೊನೆಗೆ ಇಟ್ಟನು. ಎಂದರೆ ಹನ್ನೊಂದು ಪರ್ವದ ಕಥೆ ಪೂರ್ತಿಯಾಗಿ ಮುಗಿದು, ಹನ್ನೆರಡನೆಯದರ ಬಾಗಿಲಲ್ಲಿ ಒಂದು ಕಾಲಿಟ್ಟು ಆತನು ನಿಂತಿದ್ದಾನೆ. ಕೈಸೋತವನು ಅಥವಾ ನಡುವೆ ಕಣ್ಣುಮುಚ್ಚಿದವನು ಹೀಗೆ ಮುಂದಿನ ಪರ್ವದಿಂದ ಬೇಕಾದಷ್ಟನ್ನೇ ಆರಿಸಿ ತಂದು ಮಂಗಳ ಹಾಡುವುದಿಲ್ಲ. ಇದು ಕೊನೆಯೆಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಂಡವನ ಕೆಲಸ.

ಪಟ್ಟಾಭಿಷೇಕಕ್ಕೆ ಭಾರತವನ್ನು ಮುಗಿಸುವುದು ಕನ್ನಡದಲ್ಲಿ ಹೊಸದೂ ಅಲ್ಲ. 941ರಲ್ಲಿ ಪಂಪನು ತನ್ನ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಬರೆದದ್ದರಿಂದ ಕೊನೆಯಲ್ಲಿ ಅರ್ಜುನನಿಗೇ ಪಟ್ಟ ಕಟ್ಟಿ, ಪಕ್ಕದಲ್ಲಿ ಸುಭದ್ರೆಯನ್ನು ಕೂಡಿಸಿದನು. ರನ್ನನು ಸತ್ಯಾಶ್ರಯನನ್ನು ಭೀಮನಲ್ಲಿ ಕಂಡವನಾದ್ದರಿಂದ ಗದಾಯುದ್ಧದ ಕೊನೆಗೆ ಸಿಂಹಾಸನವನ್ನು ಭೀಮನಿಗೆ ಕೊಟ್ಟನು. ಇಬ್ಬರೂ ಮಹಾಕವಿಗಳು, ಆದರೆ ಇಬ್ಬರಿಗೂ ಕಥೆಯ ಕೊನೆಯನ್ನು ಗೊತ್ತುಮಾಡಿದ್ದು ಅರಮನೆ. ಗದುಗಿನ ಕವಿಗೆ ಆ ಋಣವಿರಲಿಲ್ಲ. ಅವನ ಒಡೆಯನು ಗುಡಿಯೊಳಗೆ ನಿಂತವನು. ಆದುದರಿಂದ ಕಿರೀಟವು ಯಾರಿಗೆ ಸಲ್ಲಬೇಕೋ ಅವನಿಗೇ, ಎಂದರೆ ಧರ್ಮರಾಯನಿಗೇ ಸಂದಿತು. ಮೂವರು ಕವಿಗಳು ಮೂವರು ಅಣ್ಣತಮ್ಮಂದಿರಿಗೆ ಪಟ್ಟ ಕಟ್ಟಿದ ಈ ವಿಚಿತ್ರ ಕನ್ನಡದಲ್ಲಲ್ಲದೆ ಬೇರೆಲ್ಲಿ ಸಿಕ್ಕೀತು!

ಇನ್ನು, ಆತನು ಬಿಟ್ಟದ್ದೇನು ಎಂಬುದನ್ನು ನೋಡಬೇಕು. ಶಾಂತಿ, ಅನುಶಾಸನ ಪರ್ವಗಳಲ್ಲಿ ಶರಶಯ್ಯೆಯ ಭೀಷ್ಮನ ಉಪದೇಶವೇ ಹೆಚ್ಚು. ಕಥೆ ಇಲ್ಲವೆಂದರೂ ಆದೀತು. ಅಷ್ಟನ್ನು ಬಿಟ್ಟದ್ದಕ್ಕೆ ಕಥೆಗಾರನಾದವನನ್ನು ಯಾರೂ ತಪ್ಪೆಣಿಸಲಾರರು. ಅಶ್ವಮೇಧವನ್ನು ಮುಂದೆ ಲಕ್ಷ್ಮೀಶನು ಜೈಮಿನಿಯ ಜಾಡು ಹಿಡಿದು ಬೇರೆಯೇ ಕಾವ್ಯವಾಗಿ ಬರೆದನು. ಉಳಿದದ್ದು ಆಶ್ರಮವಾಸ, ಮೌಸಲ, ಮಹಾಪ್ರಸ್ಥಾನ, ಸ್ವರ್ಗಾರೋಹಣ. ಈ ನಾಲ್ಕು ಸಣ್ಣ ಪರ್ವಗಳನ್ನು ಮೂಲದಲ್ಲಿ ಓದಿದವರಿಗೆ ಅವು ಎಷ್ಟು ಭಯಂಕರವೆಂಬುದು ಗೊತ್ತು. ಕಾಡಿಗೆ ಹೋದ ಮುದುಕರು ಕಾಳ್ಗಿಚ್ಚಿನಲ್ಲಿ ಬೇಯುತ್ತಾರೆ. ಪ್ರಭಾಸದ ದಂಡೆಯಲ್ಲಿ ಯಾದವರು ಕುಡಿದು ತಮ್ಮತಮ್ಮಲ್ಲಿ ಬಡಿದಾಡಿ ಸಾಯುತ್ತಾರೆ. ಕೃಷ್ಣನು ಒಬ್ಬನೇ ಮರದಡಿ ಮಲಗಿದ್ದಾಗ ಬೇಡನೊಬ್ಬನು ಮೃಗವೆಂದು ತಿಳಿದು ಬಾಣ ಬಿಡುತ್ತಾನೆ. ದ್ವಾರಕೆಯನ್ನು ಸಮುದ್ರ ನುಂಗುತ್ತದೆ. ಅನಾಥರಾದ ಹೆಂಗಸರನ್ನು ಕರೆದೊಯ್ಯುವ ಅರ್ಜುನನು ದಾರಿಗಳ್ಳರನ್ನು ತಡೆಯಲಾರದೆ ಹೋಗುತ್ತಾನೆ. ಆ ಗಾಂಡೀವವೇ ಕೈಗೆ ಭಾರವಾಗುತ್ತದೆ. ಕೊನೆಗೆ ಸ್ವರ್ಗಕ್ಕೆ ಹೋದ ಧರ್ಮರಾಯನ ಕಣ್ಣಿಗೆ ಮೊದಲು ಬೀಳುವವನು ಆಸನದಲ್ಲಿ ಮೆರೆಯುವ ದುರ್ಯೋಧನ.

ಕೃಷ್ಣನ ಕಥೆಯನ್ನು ಹೇಳುತ್ತೇನೆಂದು ಹೊರಟ ಭಕ್ತನು ಆ ಬೇಡನ ಬಾಣದವರೆಗೆ ಹೋಗಬೇಕಿತ್ತೇ? ಸಭೆಯಲ್ಲಿ ದ್ರೌಪದಿಯ ಮಾನ ಕಾದವನು, ಭೀಷ್ಮನ ಮೇಲೆ ಚಕ್ರ ಹಿಡಿದು ನುಗ್ಗಿ ಭಕ್ತನ ಮಾತಿಗಾಗಿ ತನ್ನ ಮಾತನ್ನು ಮುರಿದುಕೊಂಡವನು, ಉತ್ತರೆಯ ಬಸಿರನ್ನು ಅಸ್ತ್ರದ ಬೆಂಕಿಯಿಂದ ಉಳಿಸಿದವನು, ಇಂತಹ ಕೃಷ್ಣನನ್ನು ಹತ್ತು ಪರ್ವದುದ್ದಕ್ಕೂ ಕಣ್ತುಂಬ ನೋಡಿದ ಮೇಲೆ ನಾರಣಪ್ಪನ ಕಂಠಪತ್ರ ಅವನ ಹೆಣದ ಮುಂದೆ ನಿಲ್ಲಲು ಒಪ್ಪಲಿಲ್ಲವೆಂದೇ ನಾನು ತಿಳಿದಿದ್ದೇನೆ. ಇದಕ್ಕೆ ಎದುರುವಾದವನ್ನೂ ಬಲ್ಲೆ. ಪುರಾವೆ ಎಲ್ಲಿದೆ ಎನ್ನುತ್ತಾರೆ. ಮುಪ್ಪೋ ಸಾವೋ ಬಂದಿರಬಾರದೇಕೆ ಎನ್ನುತ್ತಾರೆ. ಬಂದಿರಬಹುದು. ಆದರೆ ಮುಪ್ಪು ಬಂದು ತಡೆದ ಕಾವ್ಯವು ಸರಿಯಾಗಿ ಪಟ್ಟಾಭಿಷೇಕದ ದಿನಕ್ಕೆ ಬಂದು ನಿಲ್ಲುವುದು ಬಹಳ ಅನುಕೂಲದ ಮುಪ್ಪಾಯಿತು. ನಿಜವಾಗಿಯೂ ನಡುವೆ ನಿಂತುಹೋದ ಗ್ರಂಥಗಳು ಹೇಗಿರುತ್ತವೆಂಬುದಕ್ಕೆ ಪಕ್ಕದ ತೆಲುಗಿನಲ್ಲಿಯೇ ನಿದರ್ಶನವಿದೆ. ಹನ್ನೊಂದನೆಯ ಶತಮಾನದ ನನ್ನಯನ ಭಾರತ ಅರಣ್ಯಪರ್ವದ ನಡುವೆ ಕಡಿದುಹೋಯಿತು; ತಿಕ್ಕನನು ವಿರಾಟಪರ್ವದಿಂದ ಮುಂದಕ್ಕೆ ಬರೆದನು; ನಡುವಿನ ಅರಣ್ಯದ ಬಿರುಕನ್ನು ಹದಿನಾಲ್ಕನೆಯ ಶತಮಾನದ ಎರ್‍ರನನು ತುಂಬಿದನು. ಬಾಣನ ಕಾದಂಬರಿಯೂ ಹಾಗೆಯೇ ನಡುವೆ ನಿಂತು, ಅವನ ಮಗನು ಪೂರ್ತಿಮಾಡಿದ ಮೇಲೆ ನಮ್ಮ ನಾಗವರ್ಮನ ಕೈಗೆ ಬಂದಿತು. ಕಡಿದ ಹಗ್ಗದ ತುದಿ ಬೇರೆ, ಗಂಟು ಹಾಕಿದ ಹಗ್ಗದ ತುದಿ ಬೇರೆ. ಗದುಗಿನ ಭಾರತದ ತುದಿಯಲ್ಲಿ ಗಂಟಿದೆ.

ಆದರೂ ಎಲ್ಲರಿಗೂ ಇದು ಗಂಟೆಂದು ತೋರಲಿಲ್ಲ. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನಿಗೆ ಭಾರತ ಅಪೂರ್ಣವಾಗಿ ಕಂಡಿತು. ಆತನ ಅಪ್ಪಣೆಯಂತೆ ತಿಮ್ಮಣ್ಣ ಕವಿಯು ಶಾಂತಿಪರ್ವದಿಂದ ಸ್ವರ್ಗಾರೋಹಣದವರೆಗೆ ಬರೆದು ಅದನ್ನು ಕೃಷ್ಣರಾಯ ಭಾರತವೆಂದು ಕರೆದನು. ಚಕ್ರವರ್ತಿಗಳ ಸ್ವಭಾವವೇ ಅದು. ಅರ್ಧ ಕಟ್ಟಿದ ಗೋಪುರವನ್ನು ಕಂಡರೆ ಅವರಿಗೆ ನಿದ್ದೆ ಬಾರದು. ತಿಮ್ಮಣ್ಣನು ಸಾಮಾನ್ಯನಲ್ಲ, ಛಂದಸ್ಸು, ಕಥಾಸರಣಿ ಯಾವುದರಲ್ಲಿಯೂ ಕೊರತೆಯಿಲ್ಲ. ಆದರೆ ಅವನಿಗೆ ಬಂದ ಕೆಲಸ ಕಷ್ಟದ್ದು. ಇನ್ನೊಬ್ಬನು ಬೇಡವೆಂದು ಬಿಟ್ಟ ಬಾಗಿಲನ್ನು ತೆರೆದು ಒಳಗೆ ಹೋಗುವವನಿಗೆ ಆ ಮನೆಯ ದೀಪ ಸಿಕ್ಕುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಮಳೆ ಬಾರದಿದ್ದಾಗ ವಿರಾಟಪರ್ವವನ್ನು ಓದಿಸುತ್ತಾರೆ. ಕರ್ಣಪರ್ವದ ಪ್ರಸಂಗವನ್ನು ದೊಡ್ಡಾಟಕ್ಕೆ ಹಚ್ಚುತ್ತಾರೆ. ತಿಮ್ಮಣ್ಣನ ಮೌಸಲಪರ್ವವನ್ನು ಯಾವ ಊರಿನ ಕಟ್ಟೆಯ ಮೇಲೆಯೂ ಓದಿಸಿದ್ದನ್ನು ನಾನು ಕೇಳಿಲ್ಲ. 1958ರಲ್ಲಿ ಅಂದಿನ ಮೈಸೂರು ಸರ್ಕಾರವು ಕುವೆಂಪು ಮತ್ತು ಮಾಸ್ತಿಯವರಿಂದ ಗದುಗಿನ ಭಾರತವನ್ನು ಸಂಪಾದಿಸಿ ಸಾಮಾನ್ಯರ ಕೈಗೆಟಕುವ ಬೆಲೆಗೆ ಹೊರತಂದಾಗಲೂ ಅದು ಪಟ್ಟಾಭಿಷೇಕದೊಡನೆ ಮುಗಿಯುವ ಹತ್ತು ಪರ್ವದ ಗ್ರಂಥವೇ ಆಗಿತ್ತು.

ಆ ಇಬ್ಬರು ಸಂಪಾದಕರೂ ಕಾದಂಬರಿಕಾರರೆಂಬುದು ನೆನಪಿಡತಕ್ಕ ಮಾತು. ಮಾಸ್ತಿಯವರು 1956ರ ಚಿಕವೀರ ರಾಜೇಂದ್ರದಲ್ಲಿ ಕೊಡಗು ಕೈತಪ್ಪಿದಲ್ಲಿಗೇ ನಿಲ್ಲದೆ, ಅರಸನ ಮುಂದಿನ ಬಾಳು ಎಲ್ಲಿ ಹೋಗಿ ಮುಟ್ಟಿತೆಂಬುದನ್ನೂ ಹೇಳಿದರು; ಅದು ಅಜ್ಜನು ಮೊಮ್ಮಕ್ಕಳಿಗೆ ಕಥೆ ಹೇಳುವ ರೀತಿ. ಕುವೆಂಪು 1967ರ ಮಲೆಗಳಲ್ಲಿ ಮದುಮಗಳು ಕಾದಂಬರಿಯ ಹೆಬ್ಬಾಗಿಲಲ್ಲಿಯೇ, ಇಲ್ಲಿ ಮೊದಲು ಕೊನೆಗಳನ್ನು ಹುಡುಕಬೇಡಿರಿ ಎಂಬರ್ಥದ ಮಾತನ್ನು ಕಟ್ಟಿಹಾಕಿದರು. ಒಂದೇ ಕಾವ್ಯವನ್ನು ಜೊತೆಗೂಡಿ ತಿದ್ದಿ ಅಚ್ಚುಹಾಕಿಸಿದವರಿಬ್ಬರೂ ತಮ್ಮ ತಮ್ಮ ಕಥೆಗಳ ಬಾಗಿಲನ್ನು ಹೀಗೆ ಬೇರೆ ಬೇರೆ ರೀತಿಯಲ್ಲಿ ಹಾಕಿದರು. ಇನ್ನು 1979ರಲ್ಲಿ ಬಂದ ಭೈರಪ್ಪನವರ ಪರ್ವದಲ್ಲಿ ಪಟ್ಟಾಭಿಷೇಕದ ಮಂಗಳವಾದ್ಯವೇ ಇಲ್ಲ; ಯುದ್ಧ ಮುಗಿದ ಮೇಲೆ ದಿಕ್ಕೆಟ್ಟ ಹೆಂಗಸರ ಪ್ರಶ್ನೆಗಳು ಗೆದ್ದವರ ಮುಂದೆ ನಿಲ್ಲುತ್ತವೆ. ದೇವರನ್ನು ತೆಗೆದಿಟ್ಟು ಭಾರತವನ್ನು ಬರೆದರೆ ಅದಕ್ಕೆ ಮಂಗಳ ಹಾಡುವವರು ಯಾರು? ಇಂಗ್ಲೆಂಡಿನ ಡಿಕನ್ಸನು 1861ರಲ್ಲಿ ತನ್ನ ಒಂದು ಕಾದಂಬರಿಯ ಅಗಲಿಕೆಯ ಕೊನೆಯನ್ನು ಗೆಳೆಯನ ಮಾತು ಕೇಳಿ ಬದಲಾಯಿಸಿದನು. ಯಾವುದು ಸರಿಯೆಂದು ಅಲ್ಲಿಯ ಜನ ಇನ್ನೂ ವಾದಿಸುತ್ತಲೇ ಇದ್ದಾರೆ. ಒಮ್ಮೆ ಇಟ್ಟ ಪದವನ್ನು ಹಿಂದೆಗೆಯದ ನಮ್ಮ ಕವಿಗೆ ಆ ಪೇಚಾಟವಿರಲಿಲ್ಲ.

ಇಷ್ಟು ದೀರ್ಘವಾಗಿ ನಾನು ಈ ವಿಷಯಕ್ಕೆ ಅಂಟಿಕೊಂಡಿರುವುದಕ್ಕೆ ಸ್ವಾರ್ಥವೂ ಸ್ವಲ್ಪ ಉಂಟು. ಹನ್ನೆರಡು ಎಕರೆ ಎರೆಹೊಲಕ್ಕಾಗಿ ಕೋರ್ಟು ಹತ್ತಿದ ಇಬ್ಬರು ಅಣ್ಣತಮ್ಮಂದಿರ ಕಥೆಯೊಂದನ್ನು ನಾನು ಬರೆದಿದ್ದೇನೆ. ಕಡೆಯ ಅಧ್ಯಾಯ ಉಳಿದಿದೆ. ತೀರ್ಪು ಬರದೆ ಕಥೆ ಮುಗಿಸಿದರೆ ಓದುವವರಿಗೆ ಮೋಸಮಾಡಿದಂತೆ ಎಂದು ಹಿರಿಯ ಗೆಳೆಯರೊಬ್ಬರು ಹೇಳುತ್ತಾರೆ. ತೀರ್ಪು ಬಂದರೆ ಅದು ಕಾದಂಬರಿಯಲ್ಲ, ಕೋರ್ಟಿನ ನಕಲು ಎಂದು ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ. ಇಬ್ಬರ ಮಾತೂ ನನಗೆ ಪೂರ್ತಿಯಾಗಿ ಹಿಡಿಸಿಲ್ಲ. ಗದುಗಿನ ಭಾರತದ ಕೊನೆಯನ್ನು ಮತ್ತೆ ಮತ್ತೆ ಓದಿದಾಗ ಹೊಳೆದದ್ದೇನೆಂದರೆ, ಅಲ್ಲಿ ರಾಜ್ಯದ ಮಾತು ಪೂರ್ತಿ ತೀರಿದೆ, ದುಃಖದ ಮಾತು ತೀರಿಲ್ಲ. ಸಿಂಹಾಸನ ಯಾರದೆಂಬ ಪ್ರಶ್ನೆಗೆ ಉತ್ತರ ಬಂದಿದೆ, ಸಂಶಯವಿಲ್ಲ. ಆದರೆ ಆ ಅಭಿಷೇಕವನ್ನು ನೋಡಲು ದ್ರೌಪದಿಯ ಒಬ್ಬ ಮಗನೂ ಉಳಿದಿಲ್ಲ. ನೂರು ಮಕ್ಕಳನ್ನು ಕಳೆದುಕೊಂಡ ಮುದುಕರು ಅದೇ ಅರಮನೆಯಲ್ಲಿದ್ದಾರೆ. ಅಶ್ವತ್ಥಾಮನು ಎಲ್ಲಿಯೋ ಅಲೆಯುತ್ತಿದ್ದಾನೆ. ಕವಿಯು ಇದಾವುದನ್ನೂ ಮುಚ್ಚಿಟ್ಟಿಲ್ಲ, ಬಿಡಿಸಲೂ ಹೋಗಿಲ್ಲ. ಕೊನೆಯನ್ನು ಮುಚ್ಚಬೇಕೇ ತೆರೆಯಬೇಕೇ ಎಂದು ನಾವು ಕೇಳುತ್ತೇವೆ. ಆತನು ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಟ್ಟಿದ್ದಾನೆ. ನನ್ನ ಕಥೆಯಲ್ಲಿ ನಾನು ತೀರ್ಪನ್ನು ಬರೆಯುವವನಿದ್ದೇನೆ. ಹೊಲ ಗೆದ್ದವನು ಆ ರಾತ್ರಿ ಮನೆಗೆ ಹೋದಮೇಲೆ ನಡೆದದ್ದನ್ನು ಬರೆಯುವುದಿಲ್ಲ.

ನಾರಣಪ್ಪನ ಕೊನೆಗಾಲ ಹೇಗೆ ಕಳೆಯಿತೆಂದು ಹೇಳುವ ಶಾಸನವಾಗಲಿ ಓಲೆಯಾಗಲಿ ಇಲ್ಲ. ಪ್ರಭುಲಿಂಗಲೀಲೆಯ ಚಾಮರಸನು ಆತನ ತಂಗಿಯ ಗಂಡನೆಂದೂ, ಮನೆಯಲ್ಲಿ ಭಾರತ ಓದುತ್ತಿದ್ದ ಹೆಂಡತಿಯೊಡನೆ ವಾದ ಹುಟ್ಟಿ, ಸತ್ತು ಹೋದವರ ಕಥೆಯಲ್ಲದ ಕಥೆಯನ್ನು ತಾನು ಬರೆಯುತ್ತೇನೆಂದು ಛಲತೊಟ್ಟು ಅಲ್ಲಮನ ಕಥೆಯನ್ನು ಬರೆದನೆಂದೂ ಒಂದು ಐತಿಹ್ಯವುಂಟು. ನೆಂಟಸ್ತನ ನಿಜವೋ ಸುಳ್ಳೋ, ನಮ್ಮ ಭಾಗದ ಮಠಗಳಲ್ಲಿ ಪ್ರಭುಲಿಂಗಲೀಲೆಯ ಪುರಾಣವನ್ನೂ ಗುಡಿಗಳಲ್ಲಿ ಭಾರತವನ್ನೂ ಕೇಳಿ ಬೆಳೆದವರಿಗೆ ಈ ಬೀಗರ ಜಗಳ ಬಹಳ ರುಚಿ. ಚಾಮರಸನ ನಾಯಕನಿಗೆ ಹುಟ್ಟುಸಾವುಗಳೇ ಇಲ್ಲ. ಆದುದರಿಂದ ಆತನಿಗೆ ಕೊನೆಯ ಚಿಂತೆಯೂ ಇಲ್ಲ, ಬಯಲು ಬಯಲಾದರೆ ಮುಗಿಯಿತು. ಭಾವನಿಗೆ ಆ ಸೌಕರ್ಯವಿರಲಿಲ್ಲ. ಅವನ ಕಥೆಯ ತುಂಬ ಸಾಯುವವರೇ.

ಒಂದು ಸಂಗತಿಯನ್ನು ಮಾತ್ರ ನಮ್ಮ ವಿಮರ್ಶಕರು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಭಾವನೆ. ಗದುಗಿನ ಭಾರತದ ಕಥೆಯನ್ನು ವೈಶಂಪಾಯನನು ಜನಮೇಜಯನಿಗೆ ಹೇಳುತ್ತಿದ್ದಾನೆ. ಸಂಧಿ ಸಂಧಿಗೂ ಆ ಅರಸನನ್ನು ಕರೆದು ಕರೆದು ಹೇಳುತ್ತಾನೆ. ಈ ಜನಮೇಜಯನಾದರೂ ಯಾರು? ಅಸ್ತ್ರದ ಬೆಂಕಿಯಿಂದ ಕೃಷ್ಣನು ಉಳಿಸಿದ ಆ ಬಸಿರಿ ಉತ್ತರೆಯ ಮಗ ಪರೀಕ್ಷಿತ. ಪರೀಕ್ಷಿತನ ಮಗ ಜನಮೇಜಯ. ಪಟ್ಟಾಭಿಷೇಕದಲ್ಲಿ ಕಥೆ ನಿಂತಾಗ ಮುಂದೇನಾಯಿತೆಂದು ಯಾರೂ ಕೇಳಬೇಕಾಗಿಲ್ಲ, ಏಕೆಂದರೆ ಮುಂದಾದದ್ದೇ ಎದುರಿಗೆ ಕುಳಿತು ಕೇಳುತ್ತಿದೆ. ತನ್ನ ಮುತ್ತಜ್ಜಂದಿರು ಹಿಮಾಲಯದ ದಾರಿಯಲ್ಲಿ ಒಬ್ಬೊಬ್ಬರಾಗಿ ಬಿದ್ದುದನ್ನು ಅವನು ಬಲ್ಲ; ತನ್ನ ತಂದೆ ಹಾವು ಕಚ್ಚಿ ಸತ್ತುದನ್ನೂ ಬಲ್ಲ. ಗೊತ್ತಿದ್ದವನ ಮುಂದೆ ಅದನ್ನು ಹಾಡಿ ತೋರಿಸುವ ಅಗತ್ಯವನ್ನು ನಾರಣಪ್ಪನು ಕಾಣಲಿಲ್ಲ.

ಗದುಗಿನ ಸುತ್ತಿನಲ್ಲಿ ಭಾರತ ಓದಿಸುವ ಪದ್ಧತಿ ಈಗ ಬಹಳ ಕಡಿಮೆಯಾಗಿದೆ. ಹಿಂದೆ ಓದಿಸುತ್ತಿದ್ದ ಊರುಗಳಲ್ಲಿ ಗದಾಪರ್ವದ ರಾತ್ರಿಯ ಕೊಲೆಯ ಭಾಗ ಬಂದಾಗ ಹೆಂಗಸರು ಕಣ್ಣೊರಸಿಕೊಳ್ಳುತ್ತಿದ್ದರೆಂದೂ, ಪಟ್ಟಾಭಿಷೇಕದ ದಿನ ಪುಸ್ತಕಕ್ಕೆ ಹೂವೇರಿಸಿ, ಓದಿದವರಿಗೆ ಶಾಲು ಹೊದಿಸಿ, ಪಾನಕ ಕೋಸಂಬರಿ ಹಂಚುತ್ತಿದ್ದರೆಂದೂ ವಯಸ್ಸಾದವರು ಹೇಳುತ್ತಾರೆ. ಪಾನಕ ಕುಡಿದವರಲ್ಲಿ ಯಾರಾದರೊಬ್ಬರು ಕೃಷ್ಣ ಮುಂದೆ ಏನಾದ ಎಂದು ಕೇಳಿದರೆ, ದ್ವಾರಕೆಗೆ ಹೋದ ಎಂದಷ್ಟೇ ಹೇಳಿ ಓದಿದವರು ಪುಸ್ತಕವನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದರಂತೆ.